ಹಲಗೂರ ಬೀಗರ ಹೊಟ್ಟೆಯ ಪದ

ನಮ್ಮ ದೊಡ್ಡತ್ತೆ ಕಟ್ಟಿದ ಒಂದು ಪದ ಊರೂರಿಗೆ ಗೊತ್ತಾಗುವಷ್ಟರಲ್ಲಿ, ಆ ಪದದಲ್ಲಿ ಬರುವ ಹೊಟ್ಟೆ ಪೂರ್ತಿ ಕರಗಿಹೋಗಿತ್ತು. ಹೆಸರು ತಡವಾಗಿ ಬಂದರೆ ಏನೇನು ತೊಂದರೆ ಅನ್ನುವುದನ್ನು ನಾನು ಕಲಿತದ್ದು ಹೀಗೆ. ಯಾವುದೋ ದೇಶದ ಸಂಗೀತಗಾರ ಸತ್ತು ಎಷ್ಟೋ ಕಾಲದ ಮೇಲೆ ಅವನ ಕೃತಿಗಳು ಬೆಳಕಿಗೆ ಬಂದವು ಅಂತ ಪತ್ರಿಕೆಯಲ್ಲಿ ಓದಿದಾಗ ಮೊದಲೆಲ್ಲ ಅಯ್ಯೋ ಪಾಪ ಅನ್ನಿಸುತ್ತಿತ್ತು. ಈಗ ಅನ್ನಿಸುವುದಿಲ್ಲ. ಸತ್ತವರದ್ದು ಸುಲಭ. ಅವರು ಎದ್ದು ಬಂದು ಮೈಕು ಕೇಳುವುದಿಲ್ಲ. ಬದುಕಿರುವಾಗಲೇ ಪದಕ್ಕೆ ಹೆಸರು ಬಂದು, ಕಟ್ಟಿದವರ ಹೆಸರು ಮಾತ್ರ ಯಾರಿಗೂ ಗೊತ್ತಿಲ್ಲದಿದ್ದರೆ ಅದು ಎಂಥ ಕಷ್ಟ ಅಂತ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಏಕೆಂದರೆ ದೊಡ್ಡತ್ತೆ ಆ ಕಷ್ಟವನ್ನು ಒಬ್ಬರೇ ಇಟ್ಟುಕೊಳ್ಳಲಿಲ್ಲ, ನಮಗೆಲ್ಲ ಹಂಚಿದರು.

ದೊಡ್ಡತ್ತೆ ಅಂದರೆ ನಮ್ಮಪ್ಪನ ಅಕ್ಕ. ಮದ್ದೂರಿನ ಪಕ್ಕದ ಹಳ್ಳಿಯವರು. ಮಂಡಿನೋವಿಗೆ ತೋರಿಸಿಕೊಳ್ಳಬೇಕು ಅಂತ ಮಂಡ್ಯಕ್ಕೆ ನಮ್ಮ ಮನೆಗೆ ಬಂದರು. ಮಂಡಿ ವಾಸಿಯಾಯಿತು, ಅವರು ಹೋಗಲಿಲ್ಲ, ನಾನೂ ಹೋಗಿ ಅನ್ನಲಿಲ್ಲ. ಓದು ಬರಹ ಬಾರದು, ಆದರೆ ಪದ ಕಟ್ಟುವುದು ಅವರಿಗೆ ಸೀನು ಬಂದಷ್ಟು ಸಲೀಸು. ಒದೆಯುವ ಎಮ್ಮೆಯ ಮೇಲೆ ಒಂದು ಪದ, ಕರೆಂಟಿನ ಮೇಲೆ ಒಂದು, ಬೆಳಿಗ್ಗೆ ಎದ್ದರೆ ಸ್ಟಾರ್ಟ್ ಆಗದ ನಮ್ಮ ಯಜಮಾನರ ಸ್ಕೂಟರಿನ ಮೇಲೆ ಒಂದು. ಕೊನೆಯದನ್ನು ನಮ್ಮ ಯಜಮಾನರು ಇನ್ನೂ ಕ್ಷಮಿಸಿಲ್ಲ. ನಾನು ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುವವಳು. ತಾಳಕ್ಕೂ ನನಗೂ ಆಗಿಬರುವುದಿಲ್ಲ. ಭಜನೆಯಲ್ಲಿ ಚಪ್ಪಾಳೆ ತಟ್ಟಿದರೂ ಪಕ್ಕದವರು ತಿರುಗಿ ನೋಡುತ್ತಾರೆ. ಹೀಗಿರುವ ನನ್ನ ಪಾಲಿಗೇ ಈ ಪದದ ಪಂಚಾಯಿತಿ ಬಂತು.

ನಮ್ಮ ಕಡೆ ಮದುವೆಗಿಂತ ಬೀಗರೂಟ ದೊಡ್ಡದು. ಮದುವೆಯಲ್ಲಿ ಪಾಯಸ ಬಡಿಸುತ್ತಾರೆ, ಅದನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಆಮೇಲೆ ಹೆಣ್ಣಿನ ಕಡೆಯವರು ಗಂಡಿನ ಕಡೆಯವರನ್ನು ಕರೆದು ಮುದ್ದೆ, ಮಟನ್ ಸಾರು, ಬೋಟಿ ಗೊಜ್ಜು, ಕೈಮಾ ಉಂಡೆ ಇಕ್ಕಿದಾಗಲೇ ಸಂಬಂಧ ಗಟ್ಟಿಯಾಗುವುದು. ಬೀಗರು ಎಲೆ ಮುಂದೆ ಕೂತಾಗ ಹೆಣ್ಣಿನ ಮನೆಯ ಹೆಂಗಸರು ಹಿಂದೆ ನಿಂತು ಅವರನ್ನು ಹಾಡಿನಲ್ಲಿ ಬೈಯುತ್ತಾರೆ. ಒಬ್ಬರು ಸಾಲು ಹೇಳಿಕೊಡುವುದು, ಉಳಿದವರು ಅದನ್ನೇ ಹಿಂದಿರುಗಿ ಹೇಳುವುದು. ಬೀಗರ ಮೂಗು, ಮೀಸೆ, ನಡಿಗೆ, ಗೊರಕೆ ಯಾವುದನ್ನೂ ಬಿಡುವುದಿಲ್ಲ. ಬೈಸಿಕೊಳ್ಳುವವರು ನಗುನಗುತ್ತಾ ಮೂಳೆ ಚೀಪುತ್ತಿರಬೇಕು. ಊಟ ಮುಗಿಸಿ ಬೀಗರು ಎಲೆ ಮಡಿಸಿದಾಗ ಕೊನೆಯ ಪದ. ಅದರಲ್ಲಿ ಅಷ್ಟುಹೊತ್ತು ಬೈದದ್ದನ್ನೆಲ್ಲ ವಾಪಸು ತೆಗೆದುಕೊಂಡು ಬೀಗರನ್ನು ಹೊಗಳಿ ಕಳಿಸುತ್ತಾರೆ. ಎಲೆ ಮಡಿಸುವ ಮುಂಚೆ ಕೊನೆಯ ಪದ ಹೇಳುವ ಹಾಗಿಲ್ಲ. ಕೊನೆಯ ಪದ ಕೇಳದೆ ಬೀಗರು ಏಳುವ ಹಾಗಿಲ್ಲ. ಇಷ್ಟೇ ಕಾನೂನು, ಎಲ್ಲರಿಗೂ ಗೊತ್ತಿರುವ ಕಾನೂನು.

ನಾನು ಹೇಳುತ್ತಿರುವ ಬೀಗರೂಟ ನಮ್ಮ ಚಿಕ್ಕತ್ತೆಯದು. ದೊಡ್ಡತ್ತೆಯ ಕೊನೆಯ ತಂಗಿ, ದೊಡ್ಡತ್ತೆಯೇ ಎತ್ತಿ ಆಡಿಸಿ ಬೆಳೆಸಿದ ತಂಗಿ. ಚಿಕ್ಕತ್ತೆಗೆ ಚಿಕ್ಕಂದಿನ ಜ್ವರದಿಂದ ಎಡಗಾಲು ಸ್ವಲ್ಪ ಎಳೆಯುತ್ತದೆ. ಹೆಣ್ಣು ನೋಡಲು ಬಂದವರೆಲ್ಲ ಒಂದು ನೆಪ ಮಾಡಿ ಅವರನ್ನು ನಡೆಸಿ ನೋಡುತ್ತಿದ್ದರು. ಕಾಫಿ ತರಲಿ, ನೀರು ತರಲಿ, ಆ ಕಿಟಕಿ ಹಾಕಲಿ. ನಡೆದದ್ದನ್ನು ನೋಡಿಕೊಂಡು, ಊರಿಗೆ ಹೋಗಿ ತಿಳಿಸುತ್ತೀವಿ ಅಂತ ಹೊರಡುತ್ತಿದ್ದರು. ಒಬ್ಬರೂ ತಿಳಿಸಲಿಲ್ಲ. ಒಂದು ಸಲ ಹಲಗೂರಿನಿಂದ ಒಂದು ಗುಂಪು ಬಂತು. ಗಂಡಿಗೆ ಅಪ್ಪ ಇರಲಿಲ್ಲ, ದೊಡ್ಡಪ್ಪನೇ ಮನೆಯ ಯಜಮಾನ. ನಾವು ಆಮೇಲೆ ಅವರನ್ನು ದೊಡ್ಡಬೀಗರು ಅಂತಲೇ ಕರೆಯತೊಡಗಿದೆವು. ಅವರ ಹೊಟ್ಟೆಯನ್ನು ನೋಡಿ ನಾನು ಕಂಬದ ಹಿಂದೆ ಹೋಗಿ ನಕ್ಕು ಬಂದಿದ್ದೆ. ಜಗಲಿಯ ಮೇಲೆ ಕೂತರೆ ಜಗಲಿಯಲ್ಲಿ ಬೇರೆಯವರಿಗೆ ಜಾಗವಿರಲಿಲ್ಲ.

ಚಿಕ್ಕತ್ತೆ ಅಡುಗೆಮನೆಯಿಂದ ಕಾಫಿ ತಟ್ಟೆ ಹಿಡಿದು ಹೊರಟರು. ಎಲ್ಲರ ಕಣ್ಣೂ ಕಾಲಿನ ಮೇಲೆ. ಆಗ ದೊಡ್ಡಬೀಗರು ಎರಡೂ ಕೈ ನೆಲಕ್ಕೆ ಊರಿ, ಉಸ್ಸಪ್ಪಾ ಅಂತ ಎದ್ದು, ಹೊಟ್ಟೆಯ ಸಮೇತ ಅಡುಗೆಮನೆಯ ಬಾಗಿಲಿಗೇ ಹೋಗಿ ತಟ್ಟೆ ಈಸಿಕೊಂಡರು. "ಕೂತ್ಕೊಳವ್ವ, ಕಾಪಿ ನಾನ್ ಕೊಡ್ತೀನಿ ಎಲ್ಲಾರ್ಗೂ" ಅಂದರು. ಹೆಣ್ಣು ನೋಡಲು ಬಂದ ಯಜಮಾನನೇ ನಮ್ಮ ಮನೆಯಲ್ಲಿ ನಮ್ಮವರಿಗೆಲ್ಲ ಕಾಫಿ ಹಂಚಿದ. ಅವರ ಕಡೆಯವರೊಬ್ಬರು ಕಾಲಿನ ವಿಷಯ ತೆಗೆಯಲು ಹೋದರೆ, ನಾವೇನು ಮಗುವನ್ನು ಓಟದ ಪಂದ್ಯಕ್ಕೆ ಬಿಡಲು ಕರೆದುಕೊಂಡು ಹೋಗುತ್ತಿದ್ದೀವಾ ಅಂತ ಬಾಯಿ ಮುಚ್ಚಿಸಿದರು. ಮದುವೆ ಅಲ್ಲೇ ಗೊತ್ತಾಯಿತು.

ಇಂಥ ಮನುಷ್ಯನನ್ನು ಬೀಗರೂಟದಲ್ಲಿ ಬೈಯಲು ದೊಡ್ಡತ್ತೆ ಒಂದು ವಾರದಿಂದ ತಯಾರಿ ನಡೆಸಿದರು. ನನಗೆ ಆಗ ಆಶ್ಚರ್ಯವಾಗಿತ್ತು. ಅಷ್ಟು ಒಳ್ಳೆಯವರನ್ನು ಯಾಕೆ ಬೈಯಬೇಕು ಅಂತ ಕೇಳಿದ್ದಕ್ಕೆ, ಒಳ್ಳೆಯವರನ್ನೇ ಚೆನ್ನಾಗಿ ಬೈಯಬೇಕು, ಕೆಟ್ಟವರಿಗೆ ಅಷ್ಟು ಶ್ರಮ ಯಾಕೆ ಅಂದರು. ಹಿಟ್ಟು ರುಬ್ಬುವಾಗ, ಕೊಟ್ಟಿಗೆ ಗುಡಿಸುವಾಗ ಬಾಯಲ್ಲೇ ಗುನುಗಿಕೊಂಡು ಕಟ್ಟಿದರು. ಹೇಳಿಕೊಡುವ ಹಾಡಾದ್ದರಿಂದ ಜೊತೆಯ ಹೆಂಗಸರಿಗೆ ಮುಂಚೆ ಕಲಿಸುವ ಅಗತ್ಯವಿರಲಿಲ್ಲ. ಹೀಗಾಗಿ ಪೂರ್ತಿ ಪದ ಇದ್ದದ್ದು ದೊಡ್ಡತ್ತೆಯ ತಲೆಯಲ್ಲಿ ಮಾತ್ರ.

ಬೀಗರೂಟದ ದಿನ ದೊಡ್ಡಬೀಗರು ಸಾಲಿನ ಮೊದಲ ಎಲೆಗೆ ಕೂತರು. ಮುದ್ದೆ ಬಿತ್ತು, ಸಾರು ಬಿತ್ತು. ದೊಡ್ಡತ್ತೆ ಸೆರಗು ಸಿಕ್ಕಿಸಿಕೊಂಡು ಶುರು ಮಾಡಿದರು.

ಬಂದಾನು ಬಂದಾನು ಹಲಗೂರ ಬೀಗ
ಹೊಟ್ಟೆ ಮುಂದಾಗಿ ತಾ ಹಿಂದಾಗಿ ಬೀಗ
ಹೊಟ್ಟೆ ಬಾಗಿಲ ದಾಟಿ ನೀರು ಕುಡಿದ ಮ್ಯಾಲೆ
ಹೊಸಲಿಗೆ ಬಂದಾನು ಬೀಗ

ಚಪ್ಪರವೆಲ್ಲ ನಕ್ಕಿತು. ದೊಡ್ಡಬೀಗರೂ ನಕ್ಕರು, ನಕ್ಕಾಗ ಹೊಟ್ಟೆ ಅಲ್ಲಾಡಿ ಪಕ್ಕದವರ ನೀರಿನ ಲೋಟ ಉರುಳಿತು, ಅದಕ್ಕೆ ಇನ್ನಷ್ಟು ನಗು. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ದೊಡ್ಡತ್ತೆ ಎರಡನೆಯದನ್ನು ಎತ್ತಿದರು.

ಮುದ್ದೆ ನುಂಗೋಕೆ ಮೂರೂರ ರಾಗಿ ಸಾಲ್ದು
ಕೈಯ ತೊಳೆಯೋಕೆ ನಾಲೆಯ ನೀರು ಸಾಲ್ದು
ಕೂತ ಚಾಪೆ ಕೇಳ್ತು ಭೂಮಿತಾಯಿಯ ಕೂಡೆ
ಏಳೋದು ಉಂಟೇನೆ ಬೀಗ

ಈ ಕೊನೆಯ ಸಾಲನ್ನು ಹೆಂಗಸರು ಬೇಕೆಂದೇ ನಾಲ್ಕಾರು ಸಲ ತಿರುಗಿಸಿ ತಿರುಗಿಸಿ ಹೇಳಿದರು. ಅಷ್ಟರಲ್ಲಿ ಯಾರೂ ಎಣಿಸದ್ದು ನಡೆಯಿತು. ದೊಡ್ಡಬೀಗರು ಎದ್ದರು. ಎಲೆಯ ಮೇಲೆ ಎರಡನೇ ಮುದ್ದೆ ಮುರಿಯದೆ ಹಾಗೇ ಇತ್ತು. ಎಲೆ ಮಡಿಸಲಿಲ್ಲ, ಕೈ ತೊಳೆಯಲಿಲ್ಲ, ಎಂಜಲು ಕೈಯಲ್ಲೇ ಚಪ್ಪಲಿ ಹುಡುಕಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದರು. ಏಳುವುದು ಉಂಟೇ ಅಂತ ಕೇಳಿದ ಚಾಪೆಗೆ ಅಲ್ಲೇ ಉತ್ತರ ಸಿಕ್ಕಿತು.

ಊಟದಲ್ಲಿ ಕುಳಿತವರ ಹೊಟ್ಟೆಯನ್ನು ಆಡಿಕೊಳ್ಳಬಹುದು, ತಿಂದದ್ದನ್ನು ಆಡಿಕೊಂಡರೆ ತಿನ್ನಲೆಂದೇ ಬಂದವರು ಅಂದ ಹಾಗಾಯಿತು ಅನ್ನುವುದು ದೊಡ್ಡಬೀಗರ ವಾದವಂತೆ, ಆಮೇಲೆ ತಿಳಿಯಿತು. ದೊಡ್ಡತ್ತೆಯ ವಾದ ಬೇರೆ. ಬೈಗುಳ ಕೇಳಿ ಏಳಬಹುದು, ಅನ್ನ ಬಿಟ್ಟು ಏಳಬಾರದು. ತಮ್ಮ ಕೈಯಾರೆ ತಿರುವಿದ ಮುದ್ದೆಯನ್ನು ಎಲೆಯಲ್ಲೇ ಬಿಟ್ಟು ಹೋದರಲ್ಲ ಅನ್ನುವುದು ಅವರಿಗೆ ಚುಚ್ಚಿತು. ಇಬ್ಬರೂ ಮಾತು ಬಿಟ್ಟು ಮೂವತ್ತು ವರ್ಷದ ಮೇಲಾಯಿತು. ಚಿಕ್ಕತ್ತೆ ಹಲಗೂರಿನಲ್ಲಿ ಸುಖವಾಗಿ ಸಂಸಾರ ಮಾಡಿದರು, ನಾವೆಲ್ಲ ಹೋಗಿ ಬಂದೆವು. ಆದರೆ ದೊಡ್ಡಬೀಗರು ನಮ್ಮ ಮನೆಯಲ್ಲಿ ಎಲೆಗೆ ಕೂರಲಿಲ್ಲ, ದೊಡ್ಡತ್ತೆ ಇನ್ನೊಂದು ಬೀಗರೂಟದಲ್ಲಿ ಬಾಯಿ ತೆರೆಯಲಿಲ್ಲ. ಎಮ್ಮೆಗೂ ಸ್ಕೂಟರಿಗೂ ಪದ ಕಟ್ಟುವುದು ಶುರುವಾದದ್ದು ಆಮೇಲೆ. ಎಮ್ಮೆ ಎದ್ದು ಹೋಗುವುದಿಲ್ಲವಲ್ಲ.

ಪದ ಮಾತ್ರ ಸುಮ್ಮನಿರಲಿಲ್ಲ. ಅಂದು ಹಿಂದಿನಿಂದ ಹೇಳಿದ ಹೆಂಗಸರು ಸೋಮನಹಳ್ಳಿ, ಬೆಳಕವಾಡಿ ಅಂತ ತಮ್ಮ ತಮ್ಮ ಊರಿಗೆ ಹೋದರು. ಅಲ್ಲಿಯ ಬೀಗರೂಟಗಳಲ್ಲಿ ಹಲಗೂರ ಬೀಗ ಇದ್ದದ್ದು ಸೋಮನಹಳ್ಳಿ ಬೀಗ ಆದ, ಕನಕಪುರದ ಬೀಗ ಆದ. ಹೀಗೆ ಮೆಲ್ಲಗೆ ಹರಡುತ್ತಿದ್ದದ್ದು ಈಗ ಫೋನು ಬಂದ ಮೇಲೆ ಓಡತೊಡಗಿತು. ಯಾರೋ ಶಾಮಿಯಾನದ ಕೆಳಗೆ ಹೆಂಗಸರು ಹಾಡುತ್ತಿದ್ದುದನ್ನು ವಿಡಿಯೋ ಮಾಡಿದರು, ಮಂಡ್ಯದ ಡಿಜೆಯವನೊಬ್ಬ ಅದಕ್ಕೆ ತಮಟೆ ಸೇರಿಸಿದ. ಈಗ ಆ ಹಾಡಿಲ್ಲದೆ ಬೀಗರೂಟವಿಲ್ಲ. 'ಏಳೋದು ಉಂಟೇನೆ ಬೀಗ' ಅನ್ನುವ ಕಡೆ ಹುಡುಗರೆಲ್ಲ ಒಟ್ಟಿಗೆ ಕುಕ್ಕರಗಾಲಿನಲ್ಲಿ ಕೂತು, ಏಳಲಾರದವರ ಹಾಗೆ ನಟಿಸುತ್ತಾರೆ. ಕೆಲವು ದೊಡ್ಡವರೂ ಕೂರುತ್ತಾರೆ, ಅವರು ನಟಿಸಬೇಕಾಗಿಲ್ಲ.

ದೊಡ್ಡತ್ತೆ ಅದನ್ನು ಮೊದಲು ಕೇಳಿದ್ದು ಮಂಡ್ಯದಿಂದ ಮದ್ದೂರಿಗೆ ಹೋಗುವ ಪ್ರೈವೇಟ್ ಬಸ್ಸಿನಲ್ಲಿ, ನನ್ನ ಪಕ್ಕದಲ್ಲಿ ಕೂತು. ಮೊದಲ ಸಾಲಿಗೆ ಕಿವಿ ನಿಮಿರಿತು. ಎರಡನೇ ಸಾಲಿಗೆ ನನ್ನ ತೊಡೆ ಚಿವುಟಿದರು. ಹೊಟ್ಟೆ ನೀರು ಕುಡಿಯುವ ಸಾಲಿಗೆ ಎದ್ದು ನಿಂತು ಡ್ರೈವರ್ ಹತ್ತಿರ ಹೋಗಿ ಇದು ನನ್ನ ಪದ ಅಂದರು. ಡ್ರೈವರ್ ಇದು ಎಲ್ಲರ ಪದ ಕಣಜ್ಜಿ, ಕೂತುಕೊಳ್ಳಿ ಅಂದ. ಆ ದಿನದಿಂದ ನಮ್ಮ ಮನೆಯಲ್ಲಿ ಬೇರೆ ಮಾತಿಲ್ಲ.

ಉರಿಯುವುದಕ್ಕೆ ತುಪ್ಪ ಸುರಿದ ಹಾಗೆ, ಜಾನಪದ ಬಲ್ಲ ಒಬ್ಬ ಕಾಲೇಜು ಮೇಷ್ಟರು ಈ ಹಾಡಿನ ಬಗ್ಗೆ ಮಾತಾಡಿದ ವಿಡಿಯೋ ಬಂತು. ಬಹಳ ಒಳ್ಳೆಯ ಮನುಷ್ಯ, ಹಾಡನ್ನು ಬಾಯಿತುಂಬ ಹೊಗಳಿದ್ದರು. ಕಟ್ಟಿದವರು ಯಾರೋ ತಿಳಿಯದು, ಬಹುಶಃ ಪಾಳೇಗಾರರ ಕಾಲದ್ದು, ಆ ಹೊಟ್ಟೆ ನಿಜವಾದ ಹೊಟ್ಟೆಯಲ್ಲ, ಜನರ ದುಡಿಮೆ ನುಂಗುವ ಅಧಿಕಾರದ ಸಂಕೇತ ಅಂದಿದ್ದರು. ದೊಡ್ಡತ್ತೆ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ಎರಡು ಸಲ ಕೇಳಿದರು. ಪಾಳೇಗಾರರ ಕಾಲದವಳು ಅಂದದ್ದಕ್ಕೆ ಹೆಚ್ಚು ಕೋಪವೋ, ಹೊಟ್ಟೆ ನಿಜವಲ್ಲ ಅಂದದ್ದಕ್ಕೋ ಗೊತ್ತಾಗಲಿಲ್ಲ. "ನಾನಿನ್ನೂ ಗಟ್ಟಿಯಾಗಿವ್ನಿ ಕಣೆ. ಒಂದ್ ಕಿತ ಮೈಕ್ನಾಗೆ ನನ್ ಎಸ್ರು ಏಳ್ಬುಡ್ಲಿ, ಸಾಕು" ಅಂದರು. ಆಮೇಲೆ ಫೋನನ್ನು ನನ್ನ ಕೈಗೆ ಕೊಡುತ್ತಾ, ಸತ್ತ ಮೇಲೆ ಹೇಳಿದರೆ ನನಗೆ ಕೇಳಿಸುವುದಿಲ್ಲ ಅಂತ ಮೆಲ್ಲಗೆ ಸೇರಿಸಿದರು. ನನಗೆ ಸಂಕಟವಾಯಿತು. ಅಷ್ಟು ಸಣ್ಣ ಆಸೆ, ಅದೂ ನ್ಯಾಯವಾದದ್ದು.

ನಾನು ಮೇಷ್ಟರನ್ನು ಹುಡುಕಿ ಫೋನ್ ಮಾಡಿದೆ. ಅವರು ನಗಲಿಲ್ಲ, ಸಂತೋಷಪಟ್ಟರು. ಮದ್ದೂರಿನಲ್ಲಿ ಸೋಬಾನೆ ಪದಗಳ ಕಾರ್ಯಕ್ರಮ ಇಟ್ಟುಕೊಂಡಿದ್ದೇವೆ, ನಿಮ್ಮತ್ತೆಯನ್ನು ವೇದಿಕೆಗೆ ಕರೆದು ಹೆಸರು ಹೇಳಿ ಶಾಲು ಹೊದಿಸುತ್ತೇನೆ ಅಂದರು. ಆದರೆ ತೊಡಕೊಂದಿತ್ತು. ಸೋಮನಹಳ್ಳಿಯ ಒಬ್ಬ ಹೆಂಗಸು, ಬೆಳಕವಾಡಿಯ ಇನ್ನೊಬ್ಬರು ಆಗಲೇ ಇದು ತಮ್ಮ ಪದ ಅಂತ ಹೇಳಿಕೊಂಡಿದ್ದರಂತೆ. ಇಬ್ಬರೂ ಅಂದು ದೊಡ್ಡತ್ತೆಯ ಹಿಂದೆ ನಿಂತು ಹೇಳಿದವರೇ. ಇಷ್ಟು ವರ್ಷ ಹಾಡಿ ಹಾಡಿ ತಮ್ಮದೇ ಅನ್ನಿಸಿರಬೇಕು. ಹಾಗಾಗಿ ಅಂದು ಅಲ್ಲಿದ್ದ ಗಂಡಿನ ಕಡೆಯವರು ಯಾರಾದರೂ ಬಂದು ಒಂದು ಮಾತು ಹೇಳಿದರೆ ಚೆನ್ನ ಅಂದರು ಮೇಷ್ಟರು. ಗಂಡಿನ ಕಡೆಯ ಸಾಲಿನಲ್ಲಿ ಮೊದಲ ಎಲೆ ಯಾರದು ಅಂತ ನನಗೆ ಗೊತ್ತಿತ್ತು. ಅವರು ಬಂದು, ಆ ಹೊಟ್ಟೆ ನನ್ನದೇ ಅಂತ ಸಭೆಯಲ್ಲಿ ಒಪ್ಪಿಕೊಳ್ಳಬೇಕಿತ್ತು.

ದೊಡ್ಡತ್ತೆಯನ್ನು ಕರೆದುಕೊಂಡು ಹಲಗೂರಿಗೆ ಹೋದೆ. ಒಂದೆರಡು ವರ್ಷದಿಂದ ನಾನು ದೊಡ್ಡಬೀಗರನ್ನು ನೋಡಿರಲಿಲ್ಲ. ಜಗಲಿಯ ಮೇಲೆ ಒಬ್ಬ ತೆಳ್ಳಗಿನ ಮುದುಕರು ಕೂತಿದ್ದರು, ಪಕ್ಕದಲ್ಲಿ ಇನ್ನೂ ಮೂರು ಜನ ಕೂರುವಷ್ಟು ಜಾಗವಿತ್ತು. ಸಕ್ಕರೆ ಕಾಯಿಲೆ ಬಂದು ಡಾಕ್ಟರು ಅನ್ನ ಬಿಡಿಸಿ, ನಡೆಸಿ ನಡೆಸಿ ಹೊಟ್ಟೆಯನ್ನು ಇಳಿಸಿಬಿಟ್ಟಿದ್ದರಂತೆ. ಹಳೆಯ ಅಂಗಿ ಗೂಟಕ್ಕೆ ನೇತುಹಾಕಿದ ಹಾಗೆ ಮೈಮೇಲಿತ್ತು. ದೊಡ್ಡತ್ತೆ ಒಂದು ಸಲ ನೋಡಿ ಮುಖ ತಿರುಗಿಸಿದರು. ಅವರ ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಿದೆ. ಮರುಕವೋ, ಸಾಕ್ಷಿ ನಾಶವಾಯಿತಲ್ಲ ಅನ್ನುವ ದುಃಖವೋ, ಎರಡೂ ಇದ್ದಿರಬೇಕು.

ಇಬ್ಬರೂ ನೇರ ಮಾತಾಡುವ ಹಾಗಿರಲಿಲ್ಲವಾದ್ದರಿಂದ ಚಿಕ್ಕತ್ತೆ ನಡುವೆ ಕೂತರು. ಮೂರಡಿ ದೂರದಲ್ಲಿದ್ದವರಿಗೆ ದೊಡ್ಡತ್ತೆ 'ನಿಮ್ಮ ಮಾವಂಗೆ ಹೇಳು' ಅಂತ ಶುರು ಮಾಡುವುದು, ದೊಡ್ಡಬೀಗರು 'ನಿಮ್ಮಕ್ಕನಿಗೆ ಹೇಳು' ಅಂತ ಉತ್ತರಿಸುವುದು. ಚಿಕ್ಕತ್ತೆ ಎರಡು ಸಲ ದಾಟಿಸಿ, ಆಮೇಲೆ ನಿಮಗಿಬ್ಬರಿಗೂ ಕಿವಿ ಚೆನ್ನಾಗಿಯೇ ಇದೆ ಅಂತ ಬೈದು ಕಾಫಿ ಮಾಡಲು ಎದ್ದು ಹೋದರು. ಕೊನೆಗೆ ನಾನೇ ವಿಷಯ ಹೇಳಿದೆ. ದೊಡ್ಡಬೀಗರು ಪೂರ್ತಿ ಕೇಳಿ, ಅಂಗಿಯನ್ನು ಹೊಟ್ಟೆಗೆ ಒತ್ತಿ ತೋರಿಸಿದರು. "ನೋಡವ್ವ, ನಂಗೆಲ್ಲದೆ ಒಟ್ಟೆ? ಆ ಪದ್ದಾಗಿರೋನು ಇನ್ಯಾವನೋ" ಅಂದರು. ಬರುವಾಗ ಬಸ್ಸಿನಲ್ಲಿ ಅದೇ ಹಾಡು. ದೊಡ್ಡತ್ತೆ ಮಂಡ್ಯದವರೆಗೂ ಕಿಟಕಿಯ ಕಡೆಯೇ ನೋಡುತ್ತಾ ಕೂತರು. ನಾನು ಆಸೆ ಬಿಟ್ಟೆ.

ನಮ್ಮನ್ನು ಕಾಪಾಡಿದ್ದು ಮಳವಳ್ಳಿಯ ಒಬ್ಬ ನಿವೃತ್ತ ಕಂಡಕ್ಟರು. ಭಾರಿ ಹೊಟ್ಟೆ, ಅಷ್ಟೇ ಭಾರಿ ಮಾತು. ಒಂದು ವಿಡಿಯೋದಲ್ಲಿ ಹೊಟ್ಟೆಯ ಮೇಲೆ ತಬಲಾ ಬಾರಿಸುತ್ತಾ, ಈ ಪದ ಕಟ್ಟಿದ್ದು ನನ್ನ ಮೇಲೆಯೇ, ಬೆಳಕವಾಡಿಯಲ್ಲಿ ನನ್ನ ಬೀಗರೂಟದಲ್ಲಿ, ಈ ಹೊಟ್ಟೆ ನೋಡಿಯೇ ಅಂತ ಹೇಳಿಕೊಂಡಿದ್ದರು. ಲಕ್ಷಣವಾಗಿ ಓಡಿತು ಆ ವಿಡಿಯೋ. ಮದುವೆಗಳಿಗೆ ಅವರನ್ನು ಕರೆದು ಮೊದಲ ಎಲೆಗೆ ಕೂರಿಸತೊಡಗಿದರು. ಜನ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು.

ನಾನು ತರಗತಿಯಲ್ಲಿ ವೃತ್ತದ ವಿಸ್ತೀರ್ಣ ಹೇಳಿಕೊಡುತ್ತಿದ್ದಾಗ ದೊಡ್ಡಬೀಗರ ಫೋನು ಬಂತು. ಅವರು ನನಗೆ ಎಂದೂ ಫೋನ್ ಮಾಡಿದವರಲ್ಲ, ಯಾರಿಗೋ ಏನೋ ಆಯಿತು ಅಂತ ಹೆದರಿ ಹೊರಗೆ ಓಡಿದೆ. "ಯಾವನೋ ಮಳವಳ್ಳಿಯೋನು ನನ್ ಒಟ್ಟೆನ ತನ್ದು ಅಂತಾವ್ನಂತಲ್ಲವ್ವ" ಅಂದರು. ಅವಮಾನ ಅಂತ ಮೂವತ್ತು ವರ್ಷ ಬಚ್ಚಿಟ್ಟುಕೊಂಡದ್ದನ್ನು ಬೇರೆಯವರು ಎತ್ತಿಕೊಂಡು ಮೆರೆಯುವುದು ಅವರಿಗೆ ಸಹಿಸಲಾಗಲಿಲ್ಲ. ಕಾರ್ಯಕ್ರಮ ಯಾವತ್ತು ಅಂತ ಕೇಳಿದರು, ಬಾಡೂಟ ಇದೆಯಾ ಅಂತಲೂ ಕೇಳಿದರು. ಇದೆ ಅಂದೆ. ನಮ್ಮ ಜಿಲ್ಲೆಯಲ್ಲಿ ಅದಿಲ್ಲದೆ ಜಾನಪದಕ್ಕೆ ಯಾರು ಬರುತ್ತಾರೆ.

ಮದ್ದೂರಿನ ಸಮುದಾಯ ಭವನ ತುಂಬಿತ್ತು. ಹಿಂಭಾಗದ ಊಟದ ಮನೆಯಿಂದ ಮಸಾಲೆಯ ವಾಸನೆ ಬರುತ್ತಿದ್ದುದರಿಂದ ಭಾಷಣಗಳು ತಾವಾಗಿಯೇ ಚಿಕ್ಕವಾದವು. ಮೇಷ್ಟರು ದೊಡ್ಡತ್ತೆಯನ್ನು ವೇದಿಕೆಗೆ ಕರೆದು, ಈ ಪದ ಇವರದ್ದು ಅನ್ನುತ್ತಾರೆ, ಅಂದು ಬೈಸಿಕೊಂಡ ಬೀಗರೂ ಬಂದಿದ್ದಾರಂತೆ ಅಂದರು. ಚಿಕ್ಕತ್ತೆಯ ಕೈ ಹಿಡಿದು ದೊಡ್ಡಬೀಗರು ಎದ್ದು ನಿಂತರು. ಮೈಕು ಈಸಿಕೊಂಡು, ಆ ಹೊಟ್ಟೆ ನನ್ನದು ಅಂದರು. ಇಡೀ ಭವನ ನಕ್ಕಿತು. ಎಲುಬಿನ ಹಂದರ ಬಂದು ಹೊಟ್ಟೆ ನನ್ನದು ಅಂದರೆ ಯಾರು ನಂಬುತ್ತಾರೆ. ಅಷ್ಟರಲ್ಲಿ ಮುಂದಿನ ಸಾಲಿನಿಂದ ಮಳವಳ್ಳಿಯ ಕಂಡಕ್ಟರು ಎದ್ದರು. ಮೊದಲು ಹೊಟ್ಟೆ ಎದ್ದಿತು, ಆಮೇಲೆ ಅವರು. ಜನ ಚಪ್ಪಾಳೆ ತಟ್ಟಿ ಅವರ ಕಡೆ ವಾಲಿದರು. ದೊಡ್ಡಬೀಗರು ಮೈಕು ಹಿಡಿದುಕೊಂಡು ಹಾಗೇ ನಿಂತಿದ್ದರು. ದೊಡ್ಡತ್ತೆಯ ಮುಖ ಬಿಳಿಚಿಕೊಂಡಿತ್ತು. ಇಬ್ಬರನ್ನೂ ಕರೆತಂದು ಇನ್ನಷ್ಟು ಅವಮಾನ ಮಾಡಿಸಿದೆನಲ್ಲ ಅಂತ ನನ್ನನ್ನೇ ಬೈದುಕೊಂಡೆ.

ಮೇಷ್ಟರು ಒಂದು ಪ್ರಶ್ನೆ ಕೇಳಿದರು. ನಿಮ್ಮ ಬೀಗರೂಟದಲ್ಲಿ ಪದ ಹೇಗೆ ಮುಗಿಯಿತು ಅಂತ. ಕಂಡಕ್ಟರು ತಡಮಾಡದೆ, ಮುದ್ದೆ ಮುಗಿಸಿದೆ, ಮೂಳೆ ಮುಗಿಸಿದೆ, ಎಲೆಯಡಿಕೆ ಹಾಕಿಕೊಂಡು ಎಲ್ಲರನ್ನೂ ಮಾತಾಡಿಸಿ ಬಂದೆ ಅಂದರು. ದೊಡ್ಡಬೀಗರು ಮೈಕನ್ನು ಬಾಯಿಗೆ ಹತ್ತಿರ ತಂದರು.

"ಮುಗೀನೇ ಇಲ್ಲ ಸಾಮಿ. ಚಾಪೆ ಪದುಕ್ಕೇ ನಾನು ಎಲೆ ಬುಟ್ಟು ಎದ್ದೋದೆ" ಅಂದರು.

ಮುಂದೆ ಕೂತಿದ್ದ ವಯಸ್ಸಾದ ಹೆಂಗಸರಲ್ಲಿ ಗುಸುಗುಸು ಎದ್ದಿತು. ಹಾಡುವವರಿಗೆಲ್ಲ ಗೊತ್ತಿದ್ದ, ಯಾರೂ ಕೇಳದೆ ಬಿಟ್ಟ ಒಂದು ವಿಷಯವಿತ್ತು. ಎಲ್ಲ ಬೀಗರ ಪದಕ್ಕೂ ಬೈದದ್ದನ್ನು ವಾಪಸು ತೆಗೆದುಕೊಳ್ಳುವ ಕೊನೆಯ ಪದ ಇರುತ್ತದೆ, ಇದಕ್ಕೆ ಮಾತ್ರ ಇಲ್ಲ. ಎರಡು ಪದ ಬೈದು ನಿಂತುಬಿಡುತ್ತದೆ. ಯಾಕೆ ಅಂತ ಈಗ ತಿಳಿಯಿತು. ಸೋಮನಹಳ್ಳಿಯ ಹೆಂಗಸು ಎದ್ದು, ಹೌದು, ಯಾರೋ ಎದ್ದು ಹೋಗಿದ್ದರು, ಮರೆತೇಹೋಗಿತ್ತು ಅಂದರು. ಅಲ್ಲಿಗೆ ಪದ ಯಾರದು ಅನ್ನುವುದು ತೀರ್ಮಾನವಾಯಿತು. ಕಂಡಕ್ಟರು ಬೇಜಾರು ಮಾಡಿಕೊಳ್ಳಲಿಲ್ಲ, ಹೊಟ್ಟೆ ಅವರದೇ ಇರಲಿ, ಊಟದ ಎಲೆ ನನಗಿರಲಿ ಅಂತ ಕೂತರು. ಮೇಷ್ಟರು ಮೈಕಿನಲ್ಲಿ ದೊಡ್ಡತ್ತೆಯ ಹೆಸರು ಹೇಳಿದರು, ಊರು ಸಮೇತ, ಎರಡು ಸಲ. ದೊಡ್ಡತ್ತೆ ಶಾಲನ್ನು ಸೆರಗಿನ ಹಾಗೆ ಹೊದ್ದುಕೊಂಡು ಕಣ್ಣು ಮುಚ್ಚಿ ಕೇಳಿಸಿಕೊಂಡರು.

ಕೊನೆಯ ಪದ ಕಟ್ಟಿದ್ದಿರಾ, ಕಟ್ಟಿದ್ದರೆ ಹೇಳಿ ಅಂದರು ಮೇಷ್ಟರು. ದೊಡ್ಡತ್ತೆ ತಲೆ ಅಲ್ಲಾಡಿಸಿದರು. ಕಟ್ಟಿದ್ದೇನೆ, ಆದರೆ ಎಲೆ ಮಡಿಸದೆ ಹೇಳುವ ಹಾಗಿಲ್ಲ ಅಂದರು. ಮೇಷ್ಟರು ಬೇಡಿಕೊಂಡರು, ಟೀವಿಯವರು ಕ್ಯಾಮೆರಾ ಹಿಡಿದುಕೊಂಡು ಬೇಡಿಕೊಂಡರು. ಕಾನೂನು ಅಂದರೆ ಕಾನೂನು. ಕೊನೆಗೆ ಎಲ್ಲರೂ ಊಟದ ಮನೆಗೆ ನಡೆದರು.

ದೊಡ್ಡಬೀಗರಿಗೆ ಮೊದಲ ಎಲೆ ಹಾಕಿದರು. ಚಿಕ್ಕತ್ತೆ ಡಾಕ್ಟರ ಅಪ್ಪಣೆಯಂತೆ ನಿಂಬೆಹಣ್ಣಿನ ಗಾತ್ರದ ಮುದ್ದೆ ಇಟ್ಟು, ಸಾರು ಬಿಟ್ಟರು. ಎಲೆಯ ಪಕ್ಕ ಮೈಕು. ಅಲ್ಲಿದ್ದ ಜನವೆಲ್ಲ ತಮ್ಮ ಊಟ ಬಿಟ್ಟು ಒಬ್ಬ ಮುದುಕ ಮುದ್ದೆ ನುಂಗುವುದನ್ನು ನೋಡುತ್ತಾ ಕೂತರು. ಅವರು ನೀರು ಕುಡಿದರೆ ಎಲ್ಲರೂ ಮುಂದಕ್ಕೆ ಬಾಗುವರು, ಮತ್ತೆ ಸಾರಿಗೆ ಕೈ ಹಾಕಿದರೆ ಹಿಂದಕ್ಕೆ ಒರಗುವರು. ನನಗೆ ನಗು ಬಂದು ಸೆರಗು ಬಾಯಿಗೆ ಒತ್ತಿಕೊಂಡೆ. ಕೊನೆಗೆ ದೊಡ್ಡಬೀಗರು ಎಲೆಯನ್ನು ನಿಧಾನವಾಗಿ ತಮ್ಮ ಕಡೆಗೆ ಮಡಿಸಿ, ಅದರ ಮೇಲೆ ಕೈ ಇಟ್ಟು ಕೂತರು. ದೊಡ್ಡತ್ತೆ ಅವರ ಹಿಂದೆ ನಿಂತು ಗಂಟಲು ಸರಿಮಾಡಿಕೊಂಡರು.

ಏಳಲಾರದ ಬೀಗ ಅಂದೆವಲ್ಲ ಬೀಗ
ತಂಗಿ ಕಾಪಿ ತರುವಾಗ ಎದ್ದವ ನೀನೆ ಬೀಗ
ಎಲ್ಲಾರು ಎಣಿಸಿದರು ತಂಗಿಯ ಹೆಜ್ಜೆಯ
ಮೊಗ ನೋಡಿ ಬಂದವ ನೀನೆ ಬೀಗ

ಆ ಪದವನ್ನು ಅಲ್ಲಿ ಯಾರೂ ಹಿಂದೆ ಕೇಳಿರಲಿಲ್ಲ. ಸೋಮನಹಳ್ಳಿಯವರು, ಬೆಳಕವಾಡಿಯವರು ಸಾಲು ಕೇಳಿ ಹೇಳಲು ಬಾಯಿ ತೆರೆದವರು ಮೂರನೇ ಸಾಲಿಗೆ ನಿಂತುಬಿಟ್ಟರು. ಚಿಕ್ಕತ್ತೆ ಸಾರಿನ ಸೌಟು ಹಿಡಿದುಕೊಂಡು ಅಲ್ಲಾಡದೆ ನಿಂತಿದ್ದರು. ತಮ್ಮ ಮೇಲೆ ಹೀಗೊಂದು ಸಾಲಿದೆ ಅಂತ ಅವರಿಗೂ ಅಂದೇ ಗೊತ್ತಾದದ್ದು. ಚಾಪೆಯ ಸಾಲು ಬೈಗುಳವಲ್ಲ, 'ಎದ್ದವ ನೀನೆ' ಅನ್ನುವ ಸಾಲಿಗೆ ಮೆಟ್ಟಿಲು ಅಂತ ನನಗೂ ಆಗಲೇ ಹೊಳೆದದ್ದು. ಮೆಟ್ಟಿಲಿನ ಮೇಲೆಯೇ ಮುನಿಸಿಕೊಂಡು ದೊಡ್ಡಬೀಗರು ಬಸ್ಸು ಹತ್ತಿದ್ದರು.

ದೊಡ್ಡಬೀಗರು ತಲೆ ಎತ್ತಲಿಲ್ಲ. ಹಾಗೆಯೇ ಚಿಕ್ಕತ್ತೆಗೆ, ಇನ್ನೊಂದು ಮುದ್ದೆ ಇಕ್ಕು ಅಂದರು. ಚಿಕ್ಕತ್ತೆ ಡಾಕ್ಟರು ಅಂದರು, ಸಕ್ಕರೆ ಅಂದರು. ಅವರು ಕೇಳಿಸಿಕೊಳ್ಳದೆ ಮಡಿಸಿದ ಎಲೆಯನ್ನು ಬಿಚ್ಚಿ ಅಂಗೈಯಿಂದ ಸರಿಮಾಡತೊಡಗಿದರು. ಮಡಿಸಿದ ಎಲೆ ಬಿಚ್ಚಿದವರನ್ನು ಅಲ್ಲಿ ಯಾರೂ ಕಂಡಿರಲಿಲ್ಲ, ಅದಕ್ಕೆ ಕಾನೂನೇ ಇಲ್ಲ. ಜನರೆಲ್ಲ ದೊಡ್ಡತ್ತೆಯ ಕಡೆ ನೋಡಿದರು.

"ಎಲೆ ಬಿಚ್ಚಿದ್ರೆ ಉಂಡು ತಿರ್ಗಾ ಮಡುಸ್ಬೇಕಾಯ್ತದೆ ಬೀಗ್ರೇ. ಮಡುಸುದ್ರೆ ನಾನು ತಿರ್ಗಾ ಪದ ಏಳ್ಬೇಕಾಯ್ತದೆ" ಅಂದರು ದೊಡ್ಡತ್ತೆ. ಮೂವತ್ತು ವರ್ಷದ ಮೇಲೆ ಅವರಿಗೆ ನೇರವಾಗಿ ಆಡಿದ ಮೊದಲ ಮಾತು ಅದು.

"ಅದ್ಕೇ ಬಿಚ್ದೆ ಬೀಗಿತ್ತಿ" ಅಂದರು ದೊಡ್ಡಬೀಗರು.

ಚಿಕ್ಕತ್ತೆ ಕಾಲೆಳೆಯುತ್ತಾ ಅಡುಗೆಮನೆಯ ಕಡೆ ಹೋಗಿ ಇನ್ನೊಂದು ಮುದ್ದೆ ತಂದರು.